ಉದುರಿದ ಕಾಳಿನ ಪೈರು

ಇಸ್ರೇಲಿನ 20 ಶೆಕೆಲ್ ನೋಟು ಕೆಂಪು ಬಣ್ಣದ್ದು. 2017ರ ಕೊನೆಯಲ್ಲಿ ಚಲಾವಣೆಗೆ ಬಂದ ಆ ನೋಟಿನ ಒಂದು ಮಗ್ಗುಲಲ್ಲಿ ಕವಿ ರಾಹೇಲ್ ಅವರ ಮುಖವಿದೆ, ಇನ್ನೊಂದು ಮಗ್ಗುಲಲ್ಲಿ ಕಿನ್ನೆರೆತ್ ಸರೋವರದ ದಡ. ರಷ್ಯಾದಿಂದ ಬಂದ ಹುಡುಗಿಯೊಬ್ಬಳು ಹೊಲದಲ್ಲಿ ದುಡಿಯುತ್ತಾ ಹೀಬ್ರೂ ಕಲಿತಳು, ಮಣ್ಣಿನಿಂದ ಬಂದ ಭಾಷೆಯಾದ್ದರಿಂದ ಆಕೆಯ ಕವಿತೆ ಅಷ್ಟು ಸರಳವಾಯಿತು ಎಂಬುದು ಅವರ ಬಗ್ಗೆ ಚಾಲ್ತಿಯಲ್ಲಿರುವ ಕಥೆ. ಇಸ್ರೇಲಿನ ಶಾಲೆಯ ಮಕ್ಕಳಿಗೂ, ಅಲ್ಲಿನ ತೋಟಗಳಿಗೆ ಕೆಲಸ ಮಾಡಲು ಹೋಗುವ ವಿದೇಶಿ ಸ್ವಯಂಸೇವಕರಿಗೂ ಇದೇ ಕಥೆಯನ್ನು ಹೇಳುತ್ತಾರೆ. ನನಗೂ ಹೇಳಿದರು. ಈ ಕಥೆಯಲ್ಲಿ ಸುಳ್ಳು ಏನೂ ಇಲ್ಲ. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಇರುವ ನಮೂದುಗಳೆಲ್ಲ ಸರಿಯಾಗಿವೆ, ಒಂದು ನಮೂದು ಮಾತ್ರ ಪುಸ್ತಕಕ್ಕೆ ಹತ್ತಿಲ್ಲ. ಅದನ್ನು ಹತ್ತಿಸದೆ ರಾಹೇಲ್ ಅವರ ಕವಿತೆಯನ್ನು ಓದಿದರೆ ತಪ್ಪು ಮೊತ್ತ ಬರುತ್ತದೆ.

ನಾನು ಲಂಡನ್ನಿನಲ್ಲಿರುವ ಲೆಕ್ಕಪರಿಶೋಧಕ. ಬಿ.ಕಾಂ., ಸಿ.ಎ. ಓದಿದವನು ಹೀಬ್ರೂ ಕವಿತೆಯ ಬಗ್ಗೆ ಬರೆಯುವುದೇಕೆ ಎಂದು ಯಾರಾದರೂ ಕೇಳಬಹುದು. ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರು ರಾಬರ್ಟ್ ಫ್ರೆಂಡ್ ಅನುವಾದಿಸಿದ ರಾಹೇಲ್ ಕವಿತೆಗಳ ಪುಟ್ಟ ಇಂಗ್ಲಿಷ್ ಪುಸ್ತಕವನ್ನು ಕೈಗಿತ್ತರು. ಅದರ ಮೂಲವನ್ನು ಓದಬೇಕು ಎಂಬ ಹಟ ಹತ್ತಿತು. 2018ರಲ್ಲಿ ಜನವರಿ 31ರ ತೆರಿಗೆ ಗಡುವು ಮುಗಿದ ಮೇಲೆ ಆರು ವಾರ ಸಂಬಳವಿಲ್ಲದ ರಜೆ ಹಾಕಿ, ಕಿನ್ನೆರೆತ್ ಸರೋವರದ ದಕ್ಷಿಣಕ್ಕಿರುವ ಒಂದು ಸಣ್ಣ ತೋಟಕ್ಕೆ ಹೋದೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಬೆಣ್ಣೆಹಣ್ಣು ಕೊಯ್ಯುವುದು, ಡ್ರಿಪ್ ಪೈಪುಗಳ ಕಟ್ಟಿಕೊಂಡ ತೂತು ಬಿಡಿಸುವುದು; ಸಂಜೆ ಊರಿನ ನಿವೃತ್ತ ಮೇಷ್ಟರೊಬ್ಬರಲ್ಲಿ ಹೀಬ್ರೂ ಪಾಠ. ಊಟ, ಹಾಸಿಗೆ ಅವರದು. ಕೂಲಿ ಇಲ್ಲ. ಅರ್ಧ ದಿನ ದುಡಿತ, ಅರ್ಧ ದಿನ ಪಾಠ ಎಂಬ ಏರ್ಪಾಡು ಆ ದೇಶದಲ್ಲಿ ಹಳೆಯದು. ಕಿಬ್ಬುತ್ಸ್‌ಗಳ ಉಲ್ಪಾನ್ ಅಂದರೆ ಭಾಷಾ ಶಾಲೆಗಳು ನಡೆದದ್ದೇ ಹಾಗೆ.

ತೋಟದಲ್ಲಿ ನನಗೆ ಸಿಕ್ಕ ಹೀಬ್ರೂ ಎಂಥದ್ದು? ಬಾ. ತಗೋ. ತಾ. ಹಾಗಲ್ಲ. ಸಾಕು. ಎರಡನೆಯ ವಾರದ ಹೊತ್ತಿಗೆ ಇವೆಲ್ಲ ಕರಗತವಾದವು. ಆರನೆಯ ವಾರದಲ್ಲೂ ಹೊಲದ ಭಾಷೆ ಅಲ್ಲಿಂದ ಹೆಚ್ಚು ಮುಂದೆ ಹೋಗಲಿಲ್ಲ. ಕೈ ಕೆಲಸ ಮಾಡುವಾಗ ಬಾಯಿಗೆ ಬೇಕಾಗುವುದು ಆಜ್ಞಾರ್ಥಕ ಕ್ರಿಯಾಪದ ಮತ್ತು ಸಾಮಾನಿನ ಹೆಸರು, ಅಷ್ಟೆ. ಹೊರಡು ಎನ್ನಲು ಎಲ್ಲರೂ ಬಳಸುವ ‘ಯಲ್ಲಾ’ ಹೀಬ್ರೂ ಪದವೂ ಅಲ್ಲ, ಅರಬ್ಬಿ. ಒಂದು ಪದ ಮಾತ್ರ ನನಗೆ ತುಂಬ ಹಿಡಿಸಿತು: ಹನಿ ನೀರಾವರಿಗೆ ಅವರು ‘ತಿಫ್ತೂಫ್’ ಎನ್ನುತ್ತಾರೆ. ಹನಿ ಬೀಳುವ ಸದ್ದನ್ನೇ ಜೋಡಿಸಿ ಮಾಡಿದ ಪದ, ನಮ್ಮ ‘ತೊಟತೊಟ’ ಇದ್ದ ಹಾಗೆ.

ಇದನ್ನು ಹೇಳಲು ಕಾರಣವಿದೆ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಊರಿಗೆ ಕಳಿಸಿ, ಮಕ್ಕಳಿಗೆ ಕನ್ನಡ ತಾನಾಗಿಯೇ ಬರುತ್ತದೆ ಎಂದು ಹೊರದೇಶದಲ್ಲಿರುವ ನಾವು ಪರಸ್ಪರ ಹೇಳಿಕೊಳ್ಳುತ್ತಿರುತ್ತೇವೆ. ಊರಿನ ಗಾಳಿಯಲ್ಲಿ, ಮಣ್ಣಿನಲ್ಲಿ ಭಾಷೆ ಇದೆ ಎಂಬ ನಂಬಿಕೆ. ನನ್ನ ಮಗಳು ದಾವಣಗೆರೆಯ ಅಜ್ಜಿ ಮನೆಯಲ್ಲಿ ಒಂದು ತಿಂಗಳಿದ್ದು ತಂದ ಕನ್ನಡವೂ ಇದೇ: ಬಾ, ತಿನ್ನು, ಮಲಗು, ಬೇಡ, ಸಾಕು. ಪ್ರೀತಿಯ ಆಜ್ಞೆಗಳು, ನಿಜ, ಆದರೆ ಆಜ್ಞೆಗಳೇ. ಅದರಿಂದ ಮುಂದಕ್ಕೆ ಭಾಷೆ ಬೆಳೆಯಬೇಕಾದರೆ ಯಾರಾದರೂ ಕೆಲಸ ಬಿಟ್ಟು ಕೂತು ಮಾತಾಡಬೇಕು.

ರಾಹೇಲ್ ಅವರಿಗೆ ಹಾಗೆ ಕೂತು ಮಾತಾಡಲು ಸಿಕ್ಕವರು ಮಕ್ಕಳು. 1890ರಲ್ಲಿ ರಷ್ಯಾದ ಸರಾತೊವ್‌ನಲ್ಲಿ ಹುಟ್ಟಿದ ರಾಹೇಲ್ ಬ್ಲೂವ್‌ಸ್ಟೈನ್ 1909ರಲ್ಲಿ ಪ್ಯಾಲೆಸ್ಟೈನಿಗೆ ಬಂದು ರೆಹೊವೊತ್‌ನಲ್ಲಿ ನೆಲೆಸಿದರು. ಅಲ್ಲಿನ ಶಿಶುವಿಹಾರದಲ್ಲಿ ಕೂತು ಮಕ್ಕಳ ಮಾತನ್ನು ಕೇಳಿ ಕೇಳಿ ಹೀಬ್ರೂ ಕಲಿತರು. ಆ ಕಾಲದಲ್ಲಿ ಹೀಬ್ರೂವನ್ನು ಆಡುಮಾತಾಗಿ ಪಡೆದು ಬೆಳೆಯುತ್ತಿದ್ದವರು ಮಕ್ಕಳು ಮಾತ್ರ. ಗ್ರಂಥದಲ್ಲಿ, ಪ್ರಾರ್ಥನೆಯಲ್ಲಿ ಉಳಿದಿದ್ದ ಭಾಷೆಯನ್ನು ದೊಡ್ಡವರು ಹಟ ಹಿಡಿದು ನಾಲಿಗೆಗೆ ತಂದುಕೊಳ್ಳುತ್ತಿದ್ದ ದಿನಗಳವು; ಆ ಭಾಷೆಗೆ ಮಕ್ಕಳಿದ್ದರು, ಅಜ್ಜಿಯರಿರಲಿಲ್ಲ. ಹಾಗಾಗಿ ಅವರು ಕಲಿತದ್ದು ಹೊಲದಲ್ಲಿ ಎನ್ನುವುದಕ್ಕಿಂತ ಹೊಲಕ್ಕೆ ಹೋಗುವ ಮೊದಲೇ ಎನ್ನಬೇಕು. 1911ರಲ್ಲಿ ಹನ್ನಾ ಮೈಝೆಲ್ ಕಿನ್ನೆರೆತ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಕೃಷಿ ತರಬೇತಿ ತೋಟವನ್ನು ಸೇರಿದ್ದು ಆಮೇಲೆ. 1913ರಲ್ಲಿ ಕೃಷಿವಿಜ್ಞಾನ ಓದಲು ಫ್ರಾನ್ಸಿನ ತುಲೂಸ್‌ಗೆ ಹೋದರು. ಯುದ್ಧ ಶುರುವಾಗಿ ವಾಪಸಾಗಲು ಆಗದೆ ರಷ್ಯಾ ಸೇರಿ, ನಿರಾಶ್ರಿತ ಮಕ್ಕಳ ನಡುವೆ ದುಡಿದರು. ಕ್ಷಯ ಅಂಟಿತ್ತು. 1919ರಲ್ಲಿ ಹಿಂತಿರುಗಿ, ಕಿನ್ನೆರೆತ್ ಪಕ್ಕದ ದೆಗಾನಿಯಾ ಸೇರಿದರು. ರೋಗ ಬಯಲಾದಾಗ, ಮಕ್ಕಳ ಜೊತೆ ಇರಬಾರದು, ಇಲ್ಲಿಯೂ ಇರಬಾರದು ಎಂದು ಅಲ್ಲಿನವರು ಅವರನ್ನು ಕಳಿಸಿಬಿಟ್ಟರು. ಪುಸ್ತಕಕ್ಕೆ ಹತ್ತದ ನಮೂದು ಇದೇ.

ಅವರು ಬರೆದ ಕವಿತೆಗಳಲ್ಲಿ ಬಹುಪಾಲು ಇದರ ನಂತರದವು. ಯೆರೂಸಲೇಮಿನಲ್ಲಿ, ಆಮೇಲೆ ತೆಲ್ ಅವೀವ್‌ನ ಬಾಡಿಗೆ ಕೋಣೆಯಲ್ಲಿ, ದುಡಿಯಲು ಮೈ ಒಪ್ಪದಿದ್ದಾಗ ಬರೆದವು. ಅಚ್ಚಾದದ್ದು ಎಲ್ಲಿ? 1925ರಲ್ಲಿ ಶುರುವಾದ ‘ದವಾರ್’ ಎಂಬ ಕಾರ್ಮಿಕರ ಪತ್ರಿಕೆಯಲ್ಲಿ. ದುಡಿತಕ್ಕೆ ಬೇಡವಾದವರ ಕವಿತೆಗಳು ದುಡಿಯುವವರ ಪತ್ರಿಕೆಯಲ್ಲಿ ಬಂದವು, ಹೊಲಗಳಲ್ಲಿ ಹಾಡುಗಳಾದವು. 1931ರಲ್ಲಿ, 40ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರನ್ನು ಕಿನ್ನೆರೆತ್ ಸ್ಮಶಾನಕ್ಕೆ ತಂದು ಮಣ್ಣು ಮಾಡಿದರು. ಬದುಕಿದ್ದಾಗ ಇರಲು ಬಿಡದ ದಡ ಸತ್ತ ಮೇಲೆ ಜಾಗ ಕೊಟ್ಟಿತು. ಈಗ ನೋಟಿನ ಮೇಲೂ ಕೊಟ್ಟಿದೆ. ಸಮಾಧಿಯ ಪಕ್ಕದಲ್ಲಿ ಬಂದವರು ಓದಲೆಂದು ಕವಿತೆಗಳ ಪುಸ್ತಕ ಇಟ್ಟಿದ್ದಾರೆ. ಅಲ್ಲಿ ಕೂತು ಓದುವವರಿಗೆ ಕಣ್ಣೆದುರಿಗೇ ನೀಲಿ ನೀರು ಕಾಣುತ್ತದೆ. ಕವಿಗೆ ಬರೆಯುವಾಗ ಅದು ಕಾಣುತ್ತಿರಲಿಲ್ಲ ಎಂಬುದು ಅಲ್ಲಿ ಕೂತವರಿಗೆ ಮರೆತುಹೋಗುವುದು ಸುಲಭ.

ಮೂರು ಸಂಕಲನಗಳ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ. 1927ರದು ‘ಸಫಿಯಾಹ್’, 1930ರದು ‘ಮಿನೆಗೆದ್’, ಸತ್ತ ಮರುವರ್ಷ ಬಂದದ್ದು ‘ನೆವೋ’. ಮೂರೂ ಬೈಬಲ್ಲಿನ ಪದಗಳು. ನೆವೋ ಎಂಬುದು ಮೋಶೆ ಹತ್ತಿ ನಿಂತು, ತಾನು ಕಾಲಿಡಲಾಗದ ನಾಡನ್ನು ದೂರದಿಂದ ಕಂಡು ಸತ್ತ ಬೆಟ್ಟ. ಮಿನೆಗೆದ್ ಎಂದರೆ ‘ಎದುರಿನಿಂದ’. ನಾಡನ್ನು ಎದುರಿನಿಂದ ನೋಡುವೆ, ಒಳಹೊಗಲಾರೆ ಎಂದು ಮೋಶೆಗೆ ದೇವರು ಹೇಳುವ ಮಾತಿನಲ್ಲಿ ಬರುವ ಪದ. ಹೊಲದ ಕವಿ ಎಂದು ಹೆಸರಾದವರು ತಮ್ಮ ಪುಸ್ತಕಗಳಿಗೆ ಹೊಲದ ಹೊರಗೆ ನಿಂತವರ ಹೆಸರಿಟ್ಟಿದ್ದಾರೆ.

ಸಫಿಯಾಹ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಇದನ್ನು ಕನ್ನಡಕ್ಕೆ ತರುವುದರಲ್ಲಿ ನಾನು ಬಹಳ ದಿನ ಕಳೆದಿದ್ದೇನೆ. ಕೊಯ್ಲಿನಲ್ಲಿ ಉದುರಿದ ಕಾಳು ಮುಂದಿನ ಮಳೆಗೆ, ಯಾರೂ ಬಿತ್ತದೆ, ತಾನೇ ಮೊಳೆತು ಪೈರಾಗುವುದೇ ಸಫಿಯಾಹ್. ಕನ್ನಡದಲ್ಲಿ ಥಟ್ಟನೆ ನೆನಪಾಗುವ ಪದ ‘ಕೂಳೆ’. ಆದರೆ ಕೂಳೆ ಕೊಯ್ದ ಕಬ್ಬಿನ, ಭತ್ತದ ಬುಡದಿಂದಲೇ ಚಿಗುರುವುದು. ಅದಕ್ಕೆ ಬೇರು ಮೊದಲೇ ಇದೆ. ಸಫಿಯಾಹ್‌ಗೆ ಬೇರಿಲ್ಲ, ಬಿದ್ದಲ್ಲಿ ಹೊಸದಾಗಿ ಬೇರು ಬಿಡಬೇಕು. ರಷ್ಯನ್ ಭಾಷೆಯಲ್ಲಿ ಬೆಳೆದು, 19ನೆಯ ವಯಸ್ಸಿನಲ್ಲಿ ಇನ್ನೊಂದು ಭಾಷೆಗೆ ಬಿದ್ದವರಿಗೆ ಕೂಳೆ ಎಂಬ ಪದ ಒಪ್ಪುವುದಿಲ್ಲ. ಯಾಜಕಕಾಂಡದಲ್ಲಿ ಈ ಪದಕ್ಕೆ ಇನ್ನೂ ಒಂದು ಸಂಬಂಧವಿದೆ: ಏಳನೆಯ ವರ್ಷ ಭೂಮಿಗೆ ಬಿಡುವು ಕೊಡಬೇಕು, ಆಗ ತಾನೇ ಬೆಳೆದದ್ದನ್ನು ಒಡೆಯ ತನ್ನದೆಂದು ಕೊಯ್ದು ಕಣಜ ತುಂಬಬಾರದು, ಆಳು, ಕೂಲಿಯವ, ಪರದೇಶಿ ಎಲ್ಲರಿಗೂ ಅದು ಆಹಾರ. ಬಿದ್ದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡ ಆಯ್ದಕ್ಕಿ ಮಾರಯ್ಯನ ಕಥೆ ಗೊತ್ತಿರುವ ಕನ್ನಡದ ಓದುಗನಿಗೆ ಇದು ಕೂಡಲೇ ತಟ್ಟುತ್ತದೆ. ‘ಉದುರಿದ ಕಾಳಿನ ಪೈರು’ ಎಂದು ನಾನು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಒಂದು ಪದಕ್ಕೆ ಮೂರು ಪದ. ಹೀಬ್ರೂವಿನ ಮಿತವ್ಯಯ ಕನ್ನಡಕ್ಕೆ ಬರಲಿಲ್ಲ, ಅರ್ಥ ಬಂತು.

ಕಾಯಕ ಎಂದ ಮೇಲೆ ಇನ್ನೊಬ್ಬರ ಹೆಸರನ್ನೂ ಎತ್ತಬೇಕು. ಎ. ಡಿ. ಗೋರ್ಡೊನ್ ರಷ್ಯಾದಲ್ಲಿ ಶ್ರೀಮಂತ ಮನೆತನವೊಂದರ ಜಮೀನಿನ ಕಚೇರಿಯಲ್ಲಿ 20ಕ್ಕೂ ಹೆಚ್ಚು ವರ್ಷ ನೌಕರಿ ಮಾಡಿ, 1904ರಲ್ಲಿ, 48ರ ಆಸುಪಾಸಿನ ವಯಸ್ಸಿನಲ್ಲಿ, ಕಡತ ಕೆಳಗಿಟ್ಟು ಗುದ್ದಲಿ ಹಿಡಿದವರು. ನನ್ನಂಥವನಿಗೆ ಈ ಮನುಷ್ಯನ ಮೇಲೆ ವಿಶೇಷ ಮಮತೆ ಹುಟ್ಟುವುದು ಸಹಜ. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಬರೆಯುತ್ತಿದ್ದರು. ಮೈಮುರಿದು ದುಡಿದೇ ಮನುಷ್ಯನೂ ಜನಾಂಗವೂ ಹೊಸದಾಗಬೇಕು ಎಂದು ವಾದಿಸಿದರು. ಅವರ ವಿಚಾರಕ್ಕೆ ‘ದುಡಿಮೆಯ ಧರ್ಮ’ ಎಂದೇ ಹೆಸರು ಬಂತು. ರಾಹೇಲ್ ಅವರ ಮೊದಲ ಪ್ರಕಟಿತ ಹೀಬ್ರೂ ಕವಿತೆ, 1920ರದು, ಇವರಿಗೇ ಅರ್ಪಿತ. ಕನ್ನಡಿಗರ ಎದುರು ಗೋರ್ಡೊನ್ ಕಥೆ ಹೇಳಿದಾಗಲೆಲ್ಲ ‘ಓ, ನಮ್ಮ ಬಸವಣ್ಣ ಹೇಳಿದ್ದೂ ಅದೇ’ ಎಂದು ಯಾರಾದರೂ ಮುಗಿಸಿಬಿಡುತ್ತಾರೆ. ಅಷ್ಟು ಬೇಗ ಮುಗಿಸಬಾರದು. ಹೀಬ್ರೂವಿನಲ್ಲಿ ಕೆಲಸಕ್ಕೆ ‘ಅವೋದಾ’ ಎನ್ನುತ್ತಾರೆ. ದೇವರ ಪೂಜೆಗೂ ಅದೇ ಪದ. ಇಲ್ಲಿಯವರೆಗೆ ನಮ್ಮ ಕಾಯಕದ ಪಕ್ಕದಲ್ಲೇ ಇದೆ. ಆದರೆ ಗುಲಾಮನಿಗೆ ‘ಎವೆದ್’ ಎನ್ನುತ್ತಾರೆ. ಅದೂ ಅದೇ ಮೂರು ವ್ಯಂಜನಗಳ ಧಾತುವಿನಿಂದ ಬಂದದ್ದು. ದುಡಿಮೆ, ಪೂಜೆ, ಜೀತ ಈ ಮೂರನ್ನೂ ಆ ಭಾಷೆ ಒಂದೇ ಬೇರಿನಲ್ಲಿ ಇಟ್ಟುಕೊಂಡಿದೆ. ಕಾಯಕದ ಕಲ್ಪನೆಗೆ ದಾಸೋಹ ಜೊತೆಗಿದೆ, ದುಡಿಯಲಾರದವನಿಗೂ ಅಲ್ಲಿ ಎಲೆ ಹಾಕುತ್ತಾರೆ. ದುಡಿಮೆಯೇ ಧರ್ಮವಾದ ಕಡೆ ರೋಗಿಯ ಗತಿ ಏನು ಎಂಬ ಪ್ರಶ್ನೆಗೆ ದೆಗಾನಿಯಾ ರಾಹೇಲ್ ಅವರನ್ನು ನಡೆಸಿಕೊಂಡ ರೀತಿಯೇ ಉತ್ತರ. ದೆಗಾನಿಯಾ ಎದ್ದದ್ದು ಉಮ್ ಜೂನಿ ಎಂಬ ಅರಬ್ ಹಳ್ಳಿಯ ನೆಲದ ಮೇಲೆ ಎಂಬುದನ್ನೂ ಇಲ್ಲೇ ನಮೂದಿಸಬೇಕು. ನೆಲವನ್ನು ಹಣ ಕೊಟ್ಟು ಕೊಂಡದ್ದು ನಿಜ. ಕೊಟ್ಟವರು ಯಾರು, ಅಲ್ಲಿ ಉಳುತ್ತಿದ್ದವರು ಯಾರು ಎಂಬುದು ಮಾತ್ರ ಕ್ರಯಪತ್ರದಿಂದ ಪೂರ್ತಿ ತಿಳಿಯುವ ವಿಷಯವಲ್ಲ.

ಈಗ ಸರಳತೆಯ ಪ್ರಶ್ನೆ. ರಾಹೇಲ್ ಅವರ ಕವಿತೆಗಳು ಚಿಕ್ಕವು, ಪದಗಳು ದಿನಬಳಕೆಯವು. ಅವರ ಕಾಲದ ದೊಡ್ಡ ಕವಿಗಳು ಅಲಂಕಾರ ತುಂಬಿದ, ಗಟ್ಟಿ ದನಿಯ ಕವಿತೆ ಬರೆಯುತ್ತಿದ್ದಾಗ ಇವರದು ಹೆಣ್ಣುಮಗಳ ಸಹಜ, ಸಣ್ಣ ಕಂಠ ಎಂದು ಪಕ್ಕಕ್ಕಿಟ್ಟವರು ಬಹಳ. 1991ರಲ್ಲಿ ದಾನ್ ಮಿರೋನ್ ಆ ಕಾಲದ ಹೀಬ್ರೂ ಕವಯಿತ್ರಿಯರ ಬಗ್ಗೆ ಒಂದು ಪುಸ್ತಕವನ್ನೇ ಬರೆದು ಈ ವಿಷಯವನ್ನು ಮತ್ತೆ ತೆರೆಯಬೇಕಾಯಿತು. ‘ಸಹಜ’ ಎಂಬ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ. ಸರಳತೆಯೇ ತನ್ನ ಕಾಲದ ಕಾವ್ಯದ ಗುರುತು ಎಂದು ಅವರು 1927ರಲ್ಲೇ ಲೇಖನ ಬರೆದು ವಾದಿಸಿದ್ದರು. ಅಖ್ಮತೋವಾ ಕವಿತೆಗಳನ್ನು ರಷ್ಯನ್ನಿನಿಂದ ಹೀಬ್ರೂಗೆ ತಂದವರು ಅವರು. ಎರಡು ಭಾಷೆಗಳ ತೂಕ ಗೊತ್ತಿದ್ದು, ತೂಗಿ ಆಯ್ದುಕೊಂಡ ಮಿತ ಅದು. ಮಕ್ಕಳಿಂದ ಕಲಿತ ಪದಗಳಲ್ಲಿ ದೊಡ್ಡವರ ದುಃಖವನ್ನು ಹೇಳಲು ಎಷ್ಟು ಕಷ್ಟ ಎಂಬುದು ನಮ್ಮ ಭಾನುವಾರದ ಕನ್ನಡ ತರಗತಿಗಳಲ್ಲಿ ಕಲಿಸುವವರಿಗೆ ಗೊತ್ತು. ಸರಳ ಕನ್ನಡ ಎಂದು ನಾವು ಮಕ್ಕಳಿಗೆ ಕೊಡುವುದು ಆನೆ, ಇಲಿ, ಬಾಳೆಹಣ್ಣು. ಹದಿನೈದು ವರ್ಷದ ಮಗುವಿಗೂ ಅಷ್ಟೇ. ಆ ಮಗುವಿಗೆ ಹೇಳಿಕೊಳ್ಳಲು ಬೇರೆ ಏನೋ ಇರುತ್ತದೆ, ಅದಕ್ಕೆ ಪದ ಕೊಡದೆ ಕನ್ನಡದಲ್ಲಿ ಮಾತಾಡು ಎನ್ನುತ್ತೇವೆ.

ಮೂಲದಲ್ಲಿ ಓದಿದ್ದರಿಂದ ಆದ ಒಂದು ಲಾಭ ಸಣ್ಣದು, ಆದರೆ ಖಚಿತವಾದದ್ದು. ಹೀಬ್ರೂವಿನಲ್ಲಿ ವರ್ತಮಾನ ಕಾಲದ ಕ್ರಿಯಾಪದಕ್ಕೆ ಉತ್ತಮ ಪುರುಷದಲ್ಲೂ ಲಿಂಗವಿದೆ. ‘ನಾನು ದುಡಿಯುತ್ತೇನೆ’ ಎಂದು ಗಂಡಸು ಹೇಳಿದರೆ ‘ಒವೇದ್’, ಹೆಂಗಸು ಹೇಳಿದರೆ ‘ಒವೆದೆತ್’. ಭೂತಕಾಲದಲ್ಲಿ ಆ ಭೇದವಿಲ್ಲ. ಇಂಗ್ಲಿಷಿನ ‘ಐ’ನಲ್ಲಿ ಇದು ಕಾಣುವುದಿಲ್ಲ, ಕನ್ನಡದ ‘ನಾನು’ವಿನಲ್ಲೂ ಇಲ್ಲ. ಹೀಗಾಗಿ ಹೀಬ್ರೂವಿನಲ್ಲಿ ಹೆಣ್ಣು ವರ್ತಮಾನದಲ್ಲಿ ಮಾತಾಡಿದಾಗಲೆಲ್ಲ ಹೆಣ್ಣಾಗಿಯೇ ಕೇಳಿಸುತ್ತಾಳೆ. ನೆನಪಿನ ಮಾತು ಆಡುವಾಗ ಆ ಗುರುತು ಕ್ರಿಯಾಪದದಿಂದ ಕಳಚಿಬೀಳುತ್ತದೆ. ಬಹುತೇಕ ನೆನಪನ್ನೇ ಬರೆದ ಕವಿಯನ್ನು ಓದುವಾಗ ಇದು ಗಮನದಲ್ಲಿರಬೇಕು.

ತೋಟದಲ್ಲಿ ನನ್ನ ಜೊತೆ ಕೊಯ್ಯುತ್ತಿದ್ದವರು ನಾಲ್ವರು ಥಾಯ್ಲೆಂಡಿನವರು. ಇಸ್ರೇಲಿನ ಹೊಲಗಳಲ್ಲಿ 1990ರ ದಶಕದಿಂದಲೂ ಅವರೇ ದೊಡ್ಡ ಬಲ. 2012ರಿಂದ ಎರಡು ಸರ್ಕಾರಗಳ ಒಪ್ಪಂದದ ಮೇಲೆ ಬರುತ್ತಾರೆ; ಆಗ ಹೆಚ್ಚೆಂದರೆ 5 ವರ್ಷ 3 ತಿಂಗಳು ಇರಬಹುದಿತ್ತು. ನಾನು ಒಂದು ಮರ ಮುಗಿಸುವಷ್ಟರಲ್ಲಿ ಅವರು ಮೂರು ಮುಗಿಸುತ್ತಿದ್ದರು. ಸಂಜೆಯ ಹೀಬ್ರೂ ಪಾಠಕ್ಕೆ ಮಾತ್ರ ಬರುತ್ತಿರಲಿಲ್ಲ, ಬನ್ನಿ ಎಂದು ಯಾರೂ ಕರೆಯುತ್ತಲೂ ಇರಲಿಲ್ಲ. ಆ ಹೊತ್ತಿಗೆ ಅವರದು ಇನ್ನೊಂದು ಪಾಳಿ ನಡೆಯುತ್ತಿತ್ತು. ದುಡಿತದಿಂದ ಭಾಷೆ ಬರುತ್ತದೆ ಎಂಬುದು ನಿಜವಾಗಿದ್ದರೆ ಆ ತೋಟದ ಅತ್ಯುತ್ತಮ ಹೀಬ್ರೂ ಅವರದಾಗಿರಬೇಕಿತ್ತು. ಐದು ವರ್ಷ ದುಡಿದವರ ಬಳಿ ಇದ್ದದ್ದು ನಾನು ಎರಡು ವಾರದಲ್ಲಿ ಕಲಿತ ಅದೇ ಪದಗಳು: ಬಾ, ತಗೋ, ತಾ, ಸಾಕು. ರಾಹೇಲ್ ಕಥೆಯನ್ನು ದುಡ್ಡಿಲ್ಲದೆ ದುಡಿಯಲು ಬಂದವರಿಗೆ ಹೇಳುತ್ತಾರೆ. ದುಡ್ಡಿಗಾಗಿ ದುಡಿಯುವವರಿಗೆ ಯಾರೂ ಹೇಳುವುದಿಲ್ಲ.

ಆ ಆರು ವಾರಗಳಲ್ಲಿ ನಾನು ಕೇಳಿದ ಅತಿ ಒಳ್ಳೆಯ ಹೀಬ್ರೂ ಕನ್ನಡದವರೊಬ್ಬರದು. ತಿಬೇರಿಯಾಸ್ ಪೇಟೆಯಲ್ಲಿ ಒಂದು ಶುಕ್ರವಾರ ಔಷಧಿ ಅಂಗಡಿಯಲ್ಲಿ ಭೇಟಿಯಾದರು. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ಶಾಲೆ ಕನ್ನಡ. ನಮ್ಮ ಕರಾವಳಿಯಿಂದ ವೃದ್ಧರ ಆರೈಕೆಯ ಕೆಲಸಕ್ಕೆ ಇಸ್ರೇಲಿಗೆ ಹೋದವರು ಸಾವಿರಾರು ಜನ, ಅವರಲ್ಲಿ ಒಬ್ಬರು. ಔಷಧಿಯವನ ಜೊತೆ ನಾನು ತಡವರಿಸುತ್ತಿದ್ದದ್ದನ್ನು ಕೇಳಿ ಮುಂದೆ ಬಂದು, ಸಲೀಸಾಗಿ ಮಾತಾಡಿ ಕೆಲಸ ಮಾಡಿಸಿಕೊಟ್ಟರು. ಎಲ್ಲಿ ಕಲಿತಿರಿ ಅಕ್ಕ ಎಂದೆ.

‘ಎಲ್ಲಿ ಕಲಿಯುದು ಸರ್. ಅಜ್ಜಿ ಹತ್ರವೇ. ಅವರಿಗೆ ರಾತ್ರಿ ನಿದ್ರೆ ಬರುದಿಲ್ಲ. ಮಾತಾಡ್ತಾ ಇರ್ತಾರೆ. ನಿಮ್ಮದು ಪುಸ್ತಕದ ಹೀಬ್ರೂ ಮಾರಾಯ್ರೆ.’

ರಾಹೇಲ್ ಎಂಬ ಕವಿ ಗೊತ್ತೇ ಎಂದು ಕೇಳಿದೆ. ಕವಿ ಗೊತ್ತಿರಲಿಲ್ಲ, ಹಾಡು ಗೊತ್ತಿತ್ತು: ಯೆಹೂದಾ ಶರೆತ್ ರಾಗ ಹಾಕಿದ ‘ವೆ ಉಲೈ’. ಅಜ್ಜಿ ಹೇಳುತ್ತಾರಂತೆ. ಮಕ್ಕಳಿಂದ ಕಲಿತ ಹೀಬ್ರೂವಿನಲ್ಲಿ ರಾಹೇಲ್ ಬರೆದದ್ದನ್ನು, ಸುಮಾರು ತೊಂಬತ್ತು ವರ್ಷದ ಮೇಲೆ, ಆ ಭಾಷೆಗೆ ಅಜ್ಜಿಯರು ಹುಟ್ಟಿಕೊಂಡ ಮೇಲೆ, ಅಂಥ ಒಬ್ಬ ಅಜ್ಜಿಯಿಂದ ನಮ್ಮವರೊಬ್ಬರು ಕಲಿತಿದ್ದರು. ಕೆಲಸ ನಿಂತು ಮಾತು ಶುರುವಾಗುವ ಹೊತ್ತು ಇವರಿಗೆ ರಾತ್ರಿಯಲ್ಲಿ ಸಿಕ್ಕಿತ್ತು. ಆ ಹೊತ್ತೂ ಕೆಲಸದ ಹೊತ್ತೇ ಎಂಬುದು ಬೇರೆ ಮಾತು.

‘ವೆ ಉಲೈ’ ಕವಿತೆಯನ್ನು ಇಸ್ರೇಲಿನಲ್ಲಿ ಸವಿನೆನಪಿನ ಹಾಡಾಗಿ ಹಾಡುತ್ತಾರೆ. ನಸುಕಿನಲ್ಲಿ ತೋಟದ ಕೆಲಸಕ್ಕೆ ಏಳುವುದು, ಸುಗ್ಗಿಯ ದಿನ ಹೊರೆ ತುಂಬಿದ ಬಂಡಿಯ ಮೇಲೆ ಕೂತು ಹಾಡುವುದು, ಸರೋವರದ ನೀಲಿಯಲ್ಲಿ ಮೀಯುವುದು. ನನಗೆ ಅದು ಸವಿನೆನಪಾಗಿ ಕೇಳಿಸುವುದಿಲ್ಲ. ಕವಿತೆ ಶುರುವಾಗುವುದೇ ಇದೆಲ್ಲ ಯಾವತ್ತೂ ನಡೆಯಲೇ ಇಲ್ಲವೇನೋ ಎಂಬ ಅನುಮಾನದಿಂದ, ನಿಲ್ಲುವುದೂ ಆ ಅನುಮಾನದಲ್ಲೇ. ಪರಿಶೋಧಕರು ದಿನವೂ ಕೇಳುವ ಪ್ರಶ್ನೆ ಅದು: ನೀವು ಹೇಳಿದ ವ್ಯವಹಾರ ನಡೆದದ್ದು ಹೌದೇ? ವೋಚರ್ ಎಲ್ಲಿ? ಹೊಲದಿಂದ ಕಳಿಸಲ್ಪಟ್ಟವರ ಕೈಯಲ್ಲಿ ಅಲ್ಲಿ ದುಡಿದದ್ದಕ್ಕೆ ಏನೂ ಉಳಿದಿಲ್ಲ; ನೆಲವಿಲ್ಲ, ಪಾಲಿಲ್ಲ, ಹಿಂದಿರುಗುವ ಹಕ್ಕಿಲ್ಲ, ಮೈಯಲ್ಲಿ ಹಿಂದಿನ ಬಲವೂ ಇಲ್ಲ. ಹಾಗಾದರೆ ದುಡಿದದ್ದು ಹೌದೇ ಎಂದು ಅವರು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ತಮ್ಮ ನಾಡಿಗೆ ಬರೆದ ಇನ್ನೊಂದು ಪ್ರಸಿದ್ಧ ಕವಿತೆಯಲ್ಲಿ ತಾವು ಕೊಟ್ಟದ್ದರ ಪಟ್ಟಿಯನ್ನೇ ಕೊಡುತ್ತಾರೆ: ಯೊರ್ದಾನ್ ದಡದಲ್ಲಿ ಕೈಯಾರೆ ನೆಟ್ಟ ಒಂದು ಮರ, ಹೊಲದಲ್ಲಿ ಕಾಲು ತುಳಿದು ಮೂಡಿದ ಒಂದು ದಾರಿ. ಅದನ್ನು ವಿನಯ ಎಂದು ಓದುತ್ತಾರೆ. ನನಗೆ ಅದು ಇರುವಷ್ಟನ್ನು ಮಾತ್ರ ಬರೆದ ಆಸ್ತಿಪಟ್ಟಿ.

‘ಉಲೈ’ ಎಂದರೆ ಬಹುಶಃ. ಇಂಗ್ಲಿಷ್ ಅನುವಾದ ಪುಸ್ತಕದ ಹೆಸರಿನಲ್ಲೇ ಆ ಪದವಿದೆ. ಕನ್ನಡದಲ್ಲಿ ‘ಬಹುಶಃ’ ಎಂದು ಶುರು ಮಾಡಿದರೆ ಕವಿತೆ ಸರ್ಕಾರಿ ಟಿಪ್ಪಣಿಯಾಗುತ್ತದೆ. ಈ ಅನುಮಾನಕ್ಕೆ ಕನ್ನಡದಲ್ಲಿ ಬೇರೆ ಪದವೇ ಬೇಡ, ಕ್ರಿಯಾಪದದ ಬಾಲಕ್ಕೆ ಒಂದು ‘ಓ’ ಅಂಟಿಸಿದರೆ ಸಾಕು: ಇತ್ತೋ ಇಲ್ಲವೋ, ಹೋಗಿದ್ದೆನೋ ಏನೋ. ರಾಹೇಲ್ ಅವರ ಸ್ವರ ಈ ‘ಓ’ದಲ್ಲಿದೆ ಎಂದು ನನ್ನ ಎಣಿಕೆ. ಕರಡನ್ನು ಮಗಳಿಗೆ ಓದಿ ಹೇಳಿದೆ. ‘ಇತ್ತು’ ಅರ್ಥವಾಯಿತು, ‘ಇಲ್ಲ’ವೂ ಆಯಿತು. ‘ಇತ್ತೋ’ ಎಂದರೇನು ಅಪ್ಪಾ, ಇತ್ತಾ, ಇಲ್ವಾ ಎಂದಳು. ಆ ಸಂಜೆ ಕರಡನ್ನು ಪಕ್ಕಕ್ಕಿಟ್ಟು, ‘ಓ’ ಇರುವ ವಾಕ್ಯಗಳನ್ನು ಇಬ್ಬರೂ ಒಂದೊಂದಾಗಿ ಮಾಡುತ್ತಾ ಕೂತೆವು.